26 ಮಕ್ಕಳು, ಮೂರು ಬ್ರಷ್, 40 ನಿಮಿಷ: ಯಾವ ಚಿತ್ರ ಮಾಡಿಸಲಿ?

ಕಬ್ಬಿನಗದ್ದೆ ಮಿಸ್

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಡಿ.ಎಲ್.ಇಡಿ. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಎರಡನೇ ವರ್ಷ ಓದುತ್ತಿದ್ದೇನೆ. ಈಗ ಇಂಟರ್ನ್‌ಶಿಪ್ ನಡೀತಿದೆ. ಮದ್ದೂರು ಕಡೆಯ ಒಂದು ಹಳ್ಳಿ ಶಾಲೆ. ನಾಲ್ಕು, ಐದನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಒಟ್ಟು 26 ಮಕ್ಕಳು. ಇನ್ನು ಹನ್ನೆರಡು ದಿನಕ್ಕೆ ನಮ್ಮ ಕಾಲೇಜಿನ ಮೇಡಂ ನನ್ನ ಪಾಠ ನೋಡಲು ಬರುತ್ತಾರೆ. ಕಲೆಯ ಪಾಠವನ್ನು ನಾನೇ ಕೇಳಿ ತಗೊಂಡೆ. ಗಣಿತ ತಗೊಂಡಿದ್ದರೆ ಇಷ್ಟು ಹೊತ್ತಿಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ನನಗೆ ಚಿತ್ರ ತುಂಬಾ ಚೆನ್ನಾಗಿ ಬರುತ್ತದೆ ಅಂತೇನಲ್ಲ. ಹೈಸ್ಕೂಲಿನಲ್ಲಿ ಲೋಯರ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೆ, ಅಷ್ಟೇ. ಆದರೆ ಎರಡು ತಿಂಗಳಿಂದ ನಮ್ಮ ಮನೆ ಹಜಾರ ಪೂರ್ತಿ ಪ್ರಯೋಗಶಾಲೆ. ಅಮ್ಮನ ಪ್ರಕಾರ ತಿಪ್ಪೆ.

ಮೊದಲು ಮಾಡಿದ್ದು ಕ್ರೇಯಾನ್ ಮತ್ತು ನೀರುಬಣ್ಣ. ಕ್ರೇಯಾನಿನಲ್ಲಿ ಚಿತ್ರ ಬರೆದು ಮೇಲೆ ಬಣ್ಣದ ನೀರು ಬಳಿದರೆ ಮೇಣ ಇರುವ ಕಡೆ ನೀರು ನಿಲ್ಲುವುದಿಲ್ಲ. ಬಿಳಿ ಮೇಣದಬತ್ತಿಯಲ್ಲಿ ಬರೆದರಂತೂ ಮ್ಯಾಜಿಕ್. ಖಾಲಿ ಹಾಳೆಗೆ ನೀಲಿ ಬಳಿದಾಗ ನಕ್ಷತ್ರಗಳು ತಾವಾಗೇ ಎದ್ದು ಬಂದವು. ನನ್ನ ತಮ್ಮ ಪಿಯುಸಿ ಓದುವ ದೊಡ್ಡ ಮನುಷ್ಯ, ಅವನೂ ಮೊಬೈಲ್ ಕೆಳಗಿಟ್ಟು ಕೂತ.

ಆಮೇಲೆ ಗೀರು ಚಿತ್ರ. ಹಾಳೆ ತುಂಬಾ ಕ್ರೇಯಾನ್ ಒತ್ತಿ ತಿಕ್ಕಿ, ಮೇಲೆ ಕಪ್ಪು ಪೋಸ್ಟರ್ ಬಣ್ಣ ಬಳಿದು, ಒಣಗಿದ ಮೇಲೆ ಪೊರಕೆಯ ಹಿಡಿಕಡ್ಡಿಯಲ್ಲಿ ಗೀರುವುದು. ಕಪ್ಪಿನೊಳಗಿಂದ ಬಣ್ಣ ಬರುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಮಾತ್ರ ಕಪ್ಪು ಮೇಣದ ಮೇಲೆ ಕೂರುತ್ತದೆ, ಇಲ್ಲದಿದ್ದರೆ ಹನಿಹನಿಯಾಗಿ ಓಡಿಹೋಗುತ್ತದೆ. ಇದು ಮೂರು ಹಾಳೆ ಹಾಳಾದ ಮೇಲೆ ಗೊತ್ತಾಯಿತು. ಒಂದು ಹಾಳೆ ತುಂಬಿಸಲು ನನಗೇ ಇಪ್ಪತ್ತೈದು ನಿಮಿಷ ಹಿಡಿಯಿತು. ಮಕ್ಕಳ ಕೈ ನೋಯುವುದಿಲ್ವಾ?

ದಾರದ ಚಿತ್ರ ಸುಲಭ. ಬಣ್ಣದಲ್ಲಿ ಅದ್ದಿದ ದಾರವನ್ನು ಮಡಿಸಿದ ಹಾಳೆಯೊಳಗೆ ಇಟ್ಟು ಎಳೆದರೆ ಆಯಿತು. ಆದರೆ ಹತ್ತು ಎಳೆದರೂ ಹತ್ತೂ ಒಂದೇ ಥರ ಹೂವು. ಮೂರನೆಯದಕ್ಕೇ ಬೇಜಾರು. ನೀರಿನ ಮೇಲೆ ಆಯಿಲ್ ಪೇಂಟ್ ತೇಲಿಸಿ ಹಾಳೆ ಅದ್ದುವುದೂ ಮಾಡಿದೆ. ತುಂಬಾ ಚೆಂದ. ಆದರೆ ಅದಕ್ಕೆ ಸೀಮೆಎಣ್ಣೆಯೋ ಟರ್ಪೆಂಟೈನೋ ಬೇಕು. ಕೈ ತೊಳೆಯಲು ಅರ್ಧ ದಿನ ಬೇಕು. ಅದನ್ನು ಪಟ್ಟಿಯಿಂದ ತೆಗೆದುಬಿಟ್ಟೆ.

ಇಷ್ಟೆಲ್ಲ ಆದ ಮೇಲೆ ಹೋದ ಶನಿವಾರ ಧೈರ್ಯ ಮಾಡಿ ತರಗತಿಯಲ್ಲಿ ಮೇಣದ ಚಿತ್ರ ಮಾಡಿಸಿದೆ. ಒಂದು ಥರ ತಾಲೀಮು ಅಂದುಕೊಳ್ಳಿ. ಪೂರ್ತಿ ಸೋತೆ.

ಹಾಳೆ ಜೆರಾಕ್ಸಿಗೆ ಬಳಸುವ ಎ4. ಬಣ್ಣ ಬಿದ್ದ ಕೂಡಲೇ ಅಪ್ಪಳದ ಹಾಗೆ ಸುರುಟಿಕೊಂಡಿತು, ನಾಲ್ಕು ಹಾಳೆ ಹರಿದವು. ಮಕ್ಕಳು ಕ್ರೇಯಾನನ್ನು ಮೆಲ್ಲಗೆ ತೀಡಿದ್ದರು. ಹಾಗಾಗಿ ಬಣ್ಣ ಎಲ್ಲವನ್ನೂ ಮುಚ್ಚಿತು, ಮೇಣ ಸೋತಿತು. ಬ್ರಷ್ ಇದ್ದದ್ದು ಮೂರು. ಇಪ್ಪತ್ತಮೂರು ಮಕ್ಕಳು ಕಾಯುತ್ತಿದ್ದರು. ಕಾಯುವ ಮಕ್ಕಳು ಏನು ಮಾಡುತ್ತಾರೆ ಅಂತ ಇಲ್ಲಿ ಪಾಠ ಮಾಡುವವರಿಗೆ ಹೇಳಬೇಕಿಲ್ಲ. ಒಂದು ಡಬ್ಬಿ ಉರುಳಿತು. ಹೊಸದಾಗಿ ಹಾಕಿಸಿದ ಟೈಲ್ಸ್ ನೀಲಿ ಆಯಿತು. ಹಿರಿಯ ಶಿಕ್ಷಕರೊಬ್ಬರು ಬಾಗಿಲಲ್ಲಿ ನಿಂತು, "ಇದನ್ನೆಲ್ಲ ಪರೀಕ್ಷೆಗೆ ಕೇಳ್ತಾರೇನಮ್ಮಾ?" ಅಂತ ಅಂದು ಹೋದರು. ನಾನು ಮಧ್ಯಾಹ್ನದ ಊಟ ಬಿಟ್ಟು ನೆಲ ಒರೆಸಿದೆ.

ಆದರೆ ನನಗೆ ಚುಚ್ಚುತ್ತಿರುವುದು ಅದಲ್ಲ. ಮಕ್ಕಳಿಗೆ ಅಂದಾಜು ಸಿಗಲಿ ಅಂತ ಬೋರ್ಡಿನ ಮೇಲೆ ಒಂದು ಚಿತ್ರ ಬರೆದಿದ್ದೆ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ತೆಂಗಿನಮರ, ಮುಂದೆ ಹೊಳೆ. ಗೊತ್ತಲ್ಲ, ನಾವೆಲ್ಲ ಬರೆದಿರುವ ಅದೇ ಚಿತ್ರ. 26 ಹಾಳೆಯಲ್ಲೂ ಅದೇ ಎರಡು ಬೆಟ್ಟ. ಐದನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಎದ್ದು ಕೇಳಿದ: "ಮಿಸ್, ನಮ್ಮೂರಲ್ಲಿ ಬೆಟ್ಟಾನೇ ಇಲ್ವಲ್ಲ, ಆದ್ರೂ ಬರೀಬೇಕಾ?" ನಾನು ಉತ್ತರ ಕೊಡುವಷ್ಟರಲ್ಲಿ ಅವನೇ ಕೂತು ಬೆಟ್ಟ ಬರೆದ.

ಈಗ ಹೇಳಿ. ಕೈಯಲ್ಲಿರುವುದು 40 ನಿಮಿಷ, ಮೂರು ಬ್ರಷ್, ನನ್ನದೇ ಜೇಬಿನ 200 ರೂಪಾಯಿ. ಯಾವ ವಿಧಾನ ಹಿಡಿಯಲಿ? ಬೋರ್ಡಿನಲ್ಲಿ ಮಾದರಿ ಬರೆಯಲಾ, ಬೇಡವಾ?

---

ಅಡುಗೆಮನೆ ವಿಜ್ಞಾನ

ನಾನು ಮೈಸೂರಿನಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಚಿತ್ರ ನನ್ನ ವಿಷಯ ಅಲ್ಲ. ಆದರೆ ನಿಮ್ಮ ಮೇಣ ಯಾಕೆ ಸೋತಿತು ಅಂತ ಹೇಳಬಲ್ಲೆ.

ಪೋಸ್ಟರ್ ಬಣ್ಣವನ್ನು ಗಟ್ಟಿಯಾಗಿ ಬಳಿದರೆ ಅದು ಮೇಣದ ಮೇಲೂ ಕೂರುತ್ತದೆ. ಚಹಾದಷ್ಟು ತೆಳ್ಳಗಿರಬೇಕು. ಎರಡನೆಯದು ಕ್ರೇಯಾನ್. ಕೈಗೆ ಅಂಟದ ಗಟ್ಟಿ ಪ್ಲಾಸ್ಟಿಕ್ ಕ್ರೇಯಾನ್ ಬರುತ್ತವಲ್ಲ, ಅವು ಹಾಳೆಗೆ ಮೇಣ ಬಿಡುವುದೇ ಕಡಿಮೆ. ಆಯಿಲ್ ಪೇಸ್ಟಲ್ ಅಥವಾ ಸಾದಾ ಮೇಣದಬತ್ತಿ ವಾಸಿ. ಬಣ್ಣಕ್ಕೆ ದುಡ್ಡು ಹಾಕಬೇಡಿ. ಪೆನ್ನಿನ ಇಂಕು ನೀರಿಗೆ ಬೆರೆಸಿ. ಹಚ್ಚಲು ಬ್ರಷ್ ಬೇಡ, ಸ್ಪಂಜಿನ ಚೂರು ಸಾಕು. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 75 ಜಿ.ಎಸ್.ಎಂ. (ಚದರ ಮೀಟರಿಗೆ 75 ಗ್ರಾಂ) ಇರುತ್ತದೆ, ನೀರು ತಡೆಯುವುದಿಲ್ಲ. ಲಗ್ನಪತ್ರಿಕೆ ಕೂಡಿಡಿ. ಒಂದು ಮದುವೆ ಸೀಸನ್ ಕಳೆದರೆ ಊರಲ್ಲಿ ಎಷ್ಟು ಬೇಕು ಅಷ್ಟು ಸಿಗುತ್ತವೆ. ಹಿಂಭಾಗ ಖಾಲಿ, ದಪ್ಪ ಕಾಗದ, ಬಿಟ್ಟಿ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಮೇಣವನ್ನೇ ಬಿಟ್ಟು ಅರಿಶಿನ ಹಿಡಿಯುತ್ತಿದ್ದೆ.

ಹಿಂದಿನ ದಿನ ಅರಿಶಿನಪುಡಿಯನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಅದ್ದಿ ಹಾಳೆಗೆ ಒರೆಸಿ. ನೆರಳಲ್ಲಿ ಒಣಗಿಸಿ. ಹಳದಿ ಹಾಳೆ ತಯಾರು. ಮಾರನೇ ದಿನ ಮಕ್ಕಳಿಗೆ ಬಟ್ಟೆ ಸೋಪು ಕದಡಿದ ನೀರು ಕೊಡಿ. ಹಿಡಿಕಡ್ಡಿಯ ತುದಿಗೆ ಒಂಚೂರು ಹತ್ತಿ ಸುತ್ತಿದರೆ ಅದೇ ಬ್ರಷ್. ಸೋಪಿನ ನೀರಲ್ಲಿ ಗೆರೆ ಎಳೆದರೆ ಹಳದಿ ಮೇಲೆ ಕೆಂಪು ಗೆರೆ ಬರುತ್ತದೆ. ಮಕ್ಕಳು ಕಿರುಚುತ್ತಾರೆ, ಗ್ಯಾರಂಟಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಹಳದಿ ಅಂಶ ಸೋಪು, ಸುಣ್ಣದಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಓಕುಳಿ ಅರಿಶಿನ ಸುಣ್ಣದಿಂದಲೇ ಕೆಂಪಾಗುವುದಲ್ವಾ? ಅದೇ ಇದು. ದೇವರಾಜ ಮಾರ್ಕೆಟ್ಟಿನಲ್ಲಿ ಕುಂಕುಮದ ಗುಡ್ಡೆ ನೋಡಿರುತ್ತೀರಿ. ಹಳೇ ಪದ್ಧತಿಯಲ್ಲಿ ಕುಂಕುಮ ಮಾಡುತ್ತಿದ್ದದ್ದೂ ಅರಿಶಿನಕ್ಕೆ ಸುಣ್ಣ ಸೇರಿಸಿಯೇ.

ನಿಂಬೆರಸ ಒಂದು ಬಟ್ಟಲಲ್ಲಿ ಇಡಿ, ಆದರೆ ಅದೇನು ಅಂತ ಹೇಳಬೇಡಿ. ಕೆಂಪು ಗೆರೆ ಮೇಲೆ ಹಚ್ಚಿದರೆ ಮತ್ತೆ ಹಳದಿ ಆಗುತ್ತದೆ. ಅಳಿಸುವ ರಬ್ಬರ್ ಅದು. ಯಾರೋ ಒಬ್ಬರು ಕಂಡುಹಿಡಿದೇ ಹಿಡಿಯುತ್ತಾರೆ. ಕೆಂಪು ದಾಸವಾಳದ ದಳ ಸಿಕ್ಕರೆ ಹಾಳೆಗೆ ಉಜ್ಜಿಸಿ. ನೇರಳೆ ಬಣ್ಣ ಬಿಡುತ್ತದೆ. ಅದರ ಮೇಲೆ ನಿಂಬೆ ಹಚ್ಚಿದರೆ ಗುಲಾಬಿ.

ಎರಡು ಎಚ್ಚರಿಕೆ. ಸುಣ್ಣದ ನೀರು ಮಕ್ಕಳ ಕೈಗೆ ಬೇಡವೇ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ಅಡುಗೆ ಸೋಡಾ ಆದೀತು, ಬಣ್ಣ ಸ್ವಲ್ಪ ಮಂಕು. ಇನ್ನೊಂದು, ಅರಿಶಿನ ಬಿಸಿಲಿಗೆ ಮಾಸುತ್ತದೆ. ಚಿತ್ರಗಳನ್ನು ಕಿಟಕಿ ಪಕ್ಕ ತೂಗುಹಾಕಬೇಡಿ.

---

ಪಾಠ ಮೊದಲು

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಐದನೇ ಕ್ಲಾಸಿನ ಮಕ್ಕಳಿಗೆ ಭಾಗಾಕಾರ ಬರಲ್ಲ. ಅದರ ಮಧ್ಯೆ ಸೋಪಿನ ನೀರು, ದಾಸವಾಳ. ಕೆಲಸಕ್ಕೆ ಸೇರಿದ ಮೇಲೆ ನಿಮಗೇ ಗೊತ್ತಾಗುತ್ತೆ. ಆ ಹಿರಿಯ ಶಿಕ್ಷಕರು ಹೇಳಿದ್ದರಲ್ಲಿ ತಪ್ಪೇನಿದೆ?

---

ಹಳೇ ಡ್ರಾಯಿಂಗ್ ಮೇಷ್ಟ್ರು

ಮೇಲಿನವರಿಗೆ ಮೊದಲು. ನೋಡಿ, ನಾನು ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಈ ಮಾತನ್ನು ಕೇಳಿ ಕೇಳಿ ಕಿವಿ ದಪ್ಪ ಆಗಿದೆ. ಭಾಗಾಕಾರ ಬರದಿರುವುದು ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ ಇರುವುದರಿಂದ ಅಲ್ಲ. ಆ ಪೀರಿಯಡ್ಡನ್ನೂ ಎಷ್ಟೋ ಕಡೆ ಗಣಿತಕ್ಕೇ ಕೊಟ್ಟಿದ್ದಾರೆ. ಆದರೂ ಬಂದಿಲ್ಲ.

ಈಗ ನೀನು ಕೇಳು ತಾಯಿ. ಆ ಹುಡುಗ ಕೇಳಿದ ಪ್ರಶ್ನೆ ಇದೆಯಲ್ಲ, "ನಮ್ಮೂರಲ್ಲಿ ಬೆಟ್ಟಾನೇ ಇಲ್ವಲ್ಲ" ಅಂತ. ಅದನ್ನು ಪಾಠ ಯೋಜನೆಯ ಮೊದಲ ಸಾಲಾಗಿ ಬರೆದುಕೋ. ಉಳಿದದ್ದು ತಾನಾಗೇ ಬರುತ್ತದೆ.

ಆ ಎರಡು ಬೆಟ್ಟದ ಚಿತ್ರವನ್ನು ನಾನೂ ನೂರಾರು ಸಲ ಬೋರ್ಡಿನ ಮೇಲೆ ಬರೆದಿದ್ದೇನೆ, ಅದನ್ನು ಒಪ್ಪಿಕೊಂಡುಬಿಡುತ್ತೇನೆ. ಮೇಷ್ಟ್ರ ಗೆರೆ ಒಂದು ಸಲ ಬೋರ್ಡಿನ ಮೇಲೆ ಬಿತ್ತು ಅಂದರೆ ಮಗುವಿನ ಕಣ್ಣು ಅಲ್ಲೇ ಕಟ್ಟಿಹಾಕಿದ ಹಾಗೆ. ಆಮೇಲೆ "ನಿಮಗಿಷ್ಟ ಬಂದದ್ದು ಬರೀರಿ" ಅಂದರೂ ಆಗುವುದಿಲ್ಲ. ಅವಕ್ಕೆ ಗೊತ್ತು, ಮಾರ್ಕು ಇರುವುದು ಬೆಟ್ಟಕ್ಕೆ.

ಹಾಗಂತ ಏನೂ ತೋರಿಸಬಾರದು ಅನ್ನುವ ಹೊಸ ಕಾಲದವರ ಮಾತನ್ನೂ ನಾನು ಒಪ್ಪುವುದಿಲ್ಲ. ನಕಲು ಮಾಡುವುದು ಪಾಪ ಅಲ್ಲ. ಲೋಯರ್, ಹೈಯರ್ ಪರೀಕ್ಷೆಗೆ ನಾವು ಕಲಿತದ್ದೇ ನೋಡಿ ಬರೆದು. ಕೈ ಪಳಗುವುದು ಹಾಗೇ. ಏನನ್ನು ತೋರಿಸುತ್ತೀಯ ಅನ್ನುವುದು ಮುಖ್ಯ. ಕಡ್ಡಿ ಹಿಡಿಯುವುದು ಹೇಗೆ, ಎಷ್ಟು ಅದ್ದಬೇಕು, ಹತ್ತಿಯಲ್ಲಿ ದಪ್ಪ ಗೆರೆ ಹೇಗೆ, ಸಣ್ಣ ಗೆರೆ ಹೇಗೆ, ಇದನ್ನೆಲ್ಲ ಒಂದು ರದ್ದಿ ಹಾಳೆಯ ಮೇಲೆ ತೋರಿಸು. ಏನು ಬರೆಯಬೇಕು ಅನ್ನುವುದನ್ನು ಬಾಯಲ್ಲಿ ಕೇಳು. "ನಿನ್ನೆ ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಏನು ಕಂಡಿತು?" ಅಂತ ಕೇಳು. ಮೂರು ನಿಮಿಷ ಸುಮ್ನೆ ಮಾತಾಡಲಿ. ಆ ರದ್ದಿ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡುಬಿಡು.

ಇನ್ನೊಂದು ಮಾತು, ನಿನ್ನ ಮೇಡಂ ಪ್ರಶ್ನೆ ಕೇಳಿದರೆ ಬೇಕಾಗುತ್ತದೆ. ಏಳರಿಂದ ಒಂಬತ್ತು ವರ್ಷದ ಮಕ್ಕಳ ಚಿತ್ರದಲ್ಲಿ ನೆಲ ಅಂದರೆ ಹಾಳೆಯ ಕೆಳಗಿನ ಒಂದು ಗೆರೆ, ಆಕಾಶ ಅಂದರೆ ಮೇಲಿನ ಒಂದು ನೀಲಿ ಪಟ್ಟಿ. ನಡುವೆ ಖಾಲಿ. ಮನೆಯ ಗೋಡೆ ಇದ್ದರೂ ಒಳಗಿರುವ ಅಜ್ಜಿ ಕಾಣುತ್ತಾಳೆ. ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವವರು ಮಕ್ಕಳ ಚಿತ್ರಗಳನ್ನು ಹೀಗೆ ಹಂತಹಂತವಾಗಿ ವಿಂಗಡಿಸಿ ತೋರಿಸಿದರು. ನಿನ್ನ ಮಕ್ಕಳಿಗೆ ಒಂಬತ್ತು, ಹತ್ತು. ಆ ಹಂತ ದಾಟುತ್ತಿರುವವರು. ಕೆಲವರು ದಾಟಿರುತ್ತಾರೆ, ಕೆಲವರು ಇಲ್ಲ. ದೂರದ ವಸ್ತು ಸಣ್ಣದಾಗಿ ಬರೆಯಲಿಲ್ಲ ಅಂತ ತಿದ್ದಲು ಹೋಗಬೇಡ.

ಇದಕ್ಕೆ ನಾನು ಕೊಡುವ ಉದಾಹರಣೆ ನಿಮ್ಮ ಜಿಲ್ಲೆಯಲ್ಲೇ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಅದರ ಪಡುವಣ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. 1780ರಲ್ಲಿ ಹೈದರ್, ಟಿಪ್ಪು ಸೇರಿ ಬ್ರಿಟಿಷರ ಕರ್ನಲ್ ಬೇಲಿ ಅನ್ನುವವನನ್ನು ಸೋಲಿಸಿದ್ದು. ಅಲ್ಲಿ ನಿಂತು ನೋಡು. ಕುದುರೆಗಳು ಸಾಲು ಮೇಲೆ ಸಾಲು. ಹಿಂದಿನ ಸಾಲು ಅಂದರೆ ಮೇಲಿನ ಸಾಲು, ಅಷ್ಟೇ. ದೂರ ಇರುವವನು ಇರುವೆ ಆಗಿಲ್ಲ. ಪಲ್ಲಕ್ಕಿಯಲ್ಲಿ ಕೂತ ಬೇಲಿಯೂ ಕಾಣುತ್ತಾನೆ, ಸುತ್ತ ನಿಂತ ಪಡೆಯೂ ಕಾಣುತ್ತದೆ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬಳು ಹುಡುಗಿ, "ಸರ್, ಇವರೂ ನಮ್ಮ ಥರಾನೇ ಬರ್ದವ್ರೆ" ಅಂದಳು. ಆವತ್ತು ನಾನು ಏನೂ ಪಾಠ ಮಾಡಲಿಲ್ಲ.

---

ನಲಿಕಲಿ ಅಕ್ಕ

ಮೇಷ್ಟ್ರಿಗೆ ನಮಸ್ಕಾರ. ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಒಂದರಿಂದ ಮೂರನೇ ತರಗತಿ ನೋಡಿಕೊಳ್ಳುತ್ತೇನೆ. ನಲಿಕಲಿ, ಅಂದರೆ ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿ, ಶುರುವಾದದ್ದೇ ನಮ್ಮ ತಾಲ್ಲೂಕಿನಲ್ಲಿ, 1995ರಲ್ಲಿ. ಹಾಗಾಗಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಏನೇನೋ ಕಲಸುವುದು ನಮಗೆ ಹೊಸದಲ್ಲ. ಚಿತ್ರದ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ನೆಲದ ಬಗ್ಗೆ ಹೇಳುತ್ತೇನೆ ತಂಗಿ, ಯಾಕೆಂದರೆ ನೀನು ಊಟ ಬಿಟ್ಟು ಒರೆಸಿದೆ ಅಂದೆಯಲ್ಲ.

ಬಣ್ಣ, ನೀರು ಯಾವತ್ತೂ ಒಳಗೆ ಕೊಡಬೇಡ. ಜಗುಲಿಗೆ ಹೋಗು. ಬೇವಿನ ಮರದ ಕೆಳಗಾದರೆ ಇನ್ನೂ ವಾಸಿ. ಹಳೇ ಗೊಬ್ಬರದ ಚೀಲ ಬಿಚ್ಚಿ ಚೆನ್ನಾಗಿ ತೊಳೆದು ಹಾಸು. ನಾಲ್ಕು ಮಕ್ಕಳಿಗೆ ಒಂದು ಗುಂಪು, ಒಂದು ಗುಂಪಿಗೆ ಒಂದೇ ಬಟ್ಟಲು. ಪ್ಲಾಸ್ಟಿಕ್ ಲೋಟ ಇಡಬೇಡ, ಹಗುರ, ಮೊಣಕೈ ತಾಗಿದರೆ ಮುಗೀತು. ತೆಂಗಿನ ಕರಟ ಇಡು. ಕರಟ ಉರುಳುತ್ತದಲ್ಲ ಅಂತ ಕೇಳಬೇಡ, ಅದಕ್ಕೆ ಸಿಂಬಿ ಮಾಡು. ಹುಲ್ಲಿನದಾದರೂ ಸರಿ, ಹಳೇ ಸೀರೆಯದಾದರೂ ಸರಿ. ನಮ್ಮ ಮಕ್ಕಳೇ ಸುತ್ತುತ್ತವೆ. ಕರಟದಲ್ಲಿ ಎರಡು ಚಮಚ ಮಾತ್ರ ಹಾಕು. ಬಿದ್ದರೂ ಎರಡೇ ಚಮಚ ಬೀಳುತ್ತದೆ.

ಬಿಸಿಯೂಟದ ಅಡುಗೆಯವರನ್ನು ಸ್ನೇಹ ಮಾಡಿಕೋ. ಇದು ಬಿ.ಇಡಿ.ಯಲ್ಲೂ ಹೇಳಿಕೊಡಲ್ಲ. ಬೆಂಡೆಕಾಯಿ ತೊಟ್ಟು, ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು ಎಲ್ಲ ಅವರ ಹತ್ತಿರ. ಬೆಂಡೆಕಾಯಿ ತೊಟ್ಟಿನ ಅಚ್ಚು ಒತ್ತಿದರೆ ಐದು ದಳದ ಹೂವು ಬರುತ್ತದೆ. ನಿಮ್ಮ ಕಡೆ ಕಬ್ಬಿದೆಯಲ್ಲ, ಕಬ್ಬಿನ ತುಂಡಿನ ತುದಿಯನ್ನು ಸ್ವಲ್ಪ ಜಜ್ಜಿದರೆ ನಾರಿನ ಬ್ರಷ್ ಆಗುತ್ತದೆ. ಆದರೆ ಅರ್ಧ ಮಕ್ಕಳು ಬ್ರಷ್ ತಿಂದುಬಿಡುತ್ತವೆ, ಲೆಕ್ಕ ಇಟ್ಟುಕೋ. ಮೊಟ್ಟೆ ಚಿಪ್ಪು ತೊಳೆದು ಒಣಗಿಸಿ ಚೂರು ಮಾಡಿ ಅಂಟಿನ ಮೇಲೆ ಕೂರಿಸಿದರೆ ಚೆಂದ, ಅದು ನಿಧಾನದ ಕೆಲಸ. ಪರೀಕ್ಷೆ ಪಾಠಕ್ಕೆ ಬೇಡ.

ಸಮಯ ಹೇಳುತ್ತೇನೆ. ಕೂರಿಸಲು ಐದು ನಿಮಿಷ, ಮಾತಿಗೆ ಐದು, ಬರೆಯಲು ಇಪ್ಪತ್ತು. ಉಳಿದ ಹತ್ತು ನಿಮಿಷ ತೊಳೆಯಲು. ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಅಲ್ಲೇ ಎಲ್ಲ ಕೆಡುವುದು. ಮತ್ತೆ, ಒದ್ದೆ ಚಿತ್ರ ಎಲ್ಲಿ ಒಣಗಿಸುತ್ತೀಯ? ನಮ್ಮಲ್ಲಿ ಮಕ್ಕಳ ಚಿತ್ರ ತೂಗುಹಾಕಲು ಚಪ್ಪರ ಇರುತ್ತದೆ. ಆದರೆ ಒದ್ದೆಯಲ್ಲೇ ಹಾಕಿದರೆ ತಲೆ ಮೇಲೆ ತೊಟ್ಟಿಕ್ಕುತ್ತದೆ. ಅದನ್ನು ಮೊದಲೇ ಯೋಚಿಸು.

---

ಚಿನ್ನದ ರೇಕು

ಇನ್ನೊಂದು ಸೇರಿಸಬಹುದಾ? ನಾನು ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಓದಿದವನು. ಮೈಸೂರು ಶೈಲಿಯ ಚಿತ್ರದಲ್ಲಿ ಒಡವೆ, ಕಂಬ, ಪ್ರಭಾವಳಿ ಇರುವ ಕಡೆ ಗೆರೆ ಸ್ವಲ್ಪ ಉಬ್ಬಿರುತ್ತದೆ. ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನಲ್ಲಿ ಉಬ್ಬು ದಪ್ಪ, ಕಲ್ಲೂ ಕೂರಿಸುತ್ತಾರೆ. ನಮ್ಮದು ತೆಳು, ಬೆರಳು ಆಡಿಸಿದರೆ ತಿಳಿಯುವಷ್ಟು ಮಾತ್ರ.

ಇದನ್ನು ಮಕ್ಕಳಿಗೆ ಮಾಡಿಸಬಹುದು. ರಟ್ಟಿನ ಮೇಲೆ ಫೆವಿಕಾಲ್ ಟ್ಯೂಬಿನಿಂದಲೇ ಗೆರೆ ಎಳೆಯಲಿ. ಒಂದು ರಾತ್ರಿ ಒಣಗಲಿ. ಮಾರನೇ ದಿನ ಮೇಲೆ ತೆಳುವಾಗಿ ಅಂಟು ಬಳಿದು, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಹತ್ತಿ ಉಂಡೆಯಿಂದ ಮೆಲ್ಲಗೆ ಒತ್ತಿದರೆ ಗೆರೆ ಉಬ್ಬಿ ಬರುತ್ತದೆ. ನಮ್ಮ ಕಾಲದಲ್ಲಿ ಸಿಗರೇಟು ಪ್ಯಾಕಿನ ಬೇಗಡೆ ಬಳಸುತ್ತಿದ್ದೆವು. ದಯವಿಟ್ಟು ಅದನ್ನು ಶಾಲೆಗೆ ತರಿಸಬೇಡಿ.

ಎರಡು ದಿನದ ಕೆಲಸ, ನಿಮ್ಮ 40 ನಿಮಿಷಕ್ಕೆ ಹೊಂದಲ್ಲ. ಆದರೆ ಮುಂದೆ ಯಾವಾಗಲಾದರೂ ಮಕ್ಕಳನ್ನು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಕರೆದುಕೊಂಡು ಬಂದರೆ, ಹಿಂದಿನ ವಾರ ಇದನ್ನು ಮಾಡಿಸಿ. ಆಮೇಲೆ ಚಿತ್ರದ ಮುಂದೆ ಅವರೇ ನಿಲ್ಲುತ್ತಾರೆ, ಎಳೆಯಬೇಕಾಗಲ್ಲ. ಅಲ್ಲಿರುವ ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನೂ ತೋರಿಸಿ, ಅದು ಜಲವರ್ಣ ಅಂತ ಹೇಳಿ. ದೊಡ್ಡವರೇ ನಂಬಲ್ಲ.

---

ಕಬ್ಬಿನಗದ್ದೆ ಮಿಸ್

ಎಲ್ಲರಿಗೂ ಧನ್ಯವಾದ. ಒಂದೊಂದೂ ಎರಡು ಮೂರು ಸಲ ಓದಿದೆ.

"ಪಾಠ ಮೊದಲು" ಅವರೇ, ಬೇಜಾರಿಲ್ಲ. ನನಗೂ ಆ ಭಯ ಇದೆ. ಆದರೆ ಹೋದ ವಾರ ಭಾಗಾಕಾರದ ಪಾಠಕ್ಕೆ ಆರು ಮಕ್ಕಳು ಬಂದಿರಲಿಲ್ಲ. ಚಿತ್ರದ ದಿನ ಎಲ್ಲರೂ ಬಂದಿದ್ದರು. ಅದನ್ನು ಏನಂತ ಅರ್ಥ ಮಾಡಿಕೊಳ್ಳಬೇಕೋ ನೀವೇ ಹೇಳಿ.

ಅರಿಶಿನವೇ ಆಗಲಿ ಅಂತ ಗಟ್ಟಿ ಮಾಡಿದೆ. ನಿನ್ನೆ ರಾತ್ರಿ ಮನೆಯಲ್ಲಿ ನೋಡಿದೆ. ಬಟ್ಟೆ ಸೋಪಿನಲ್ಲಿ ಗೆರೆ ಇಟ್ಟಿಗೆ ಕೆಂಪು ಬಂತು, ಅಡುಗೆ ಸೋಡಾದಲ್ಲಿ ಕಿತ್ತಳೆ. ಅಜ್ಜಿ ಪಕ್ಕದಲ್ಲೇ ಕೂತಿದ್ದರು. "ಇದಕ್ಕೆ ಕಾಲೇಜಿಗೆ ಹೋಗ್ಬೇಕಿತ್ತಾ, ನನ್ನ ಕೇಳಿದ್ರೆ ಹೇಳ್ತಿದ್ನಲ್ಲ" ಅಂದರು. ಅರಿಶಿನದ ಕೈಯಲ್ಲಿ ಸೀರೆ ಹಿಡಿದು ಆಮೇಲೆ ಒಗೆದರೆ ಕಲೆ ಕೆಂಪಾಗುವುದು ಅವರಿಗೆ ಅರವತ್ತು ವರ್ಷದಿಂದ ಗೊತ್ತು.

ಒಣಗಿಸುವುದಕ್ಕೂ ಒಂದು ದಾರಿ ಸಿಕ್ಕಿತು. ನಮ್ಮ ಸೋದರಮಾವ ರೇಷ್ಮೆ ಹುಳು ಮೇಯಿಸುತ್ತಾರೆ. ಅವರ ಕೊಟ್ಟಿಗೆಯಲ್ಲಿ ಬಿದಿರಿನ ಚಂದ್ರಿಕೆಗಳಿವೆ. ಹುಳು ಗೂಡು ಕಟ್ಟಲು ಬಿಡುವ ಆ ದೊಡ್ಡ ತಟ್ಟಿ. ಗೋಡೆಗೆ ಒರಗಿಸಿದರೆ ಅದರ ಸುರುಳಿ ಪಟ್ಟಿಯ ನಡುವೆ ಹಾಳೆಗಳನ್ನು ಸಿಕ್ಕಿಸಬಹುದು, ಗಾಳಿಯೂ ಆಡುತ್ತದೆ. ಒಂದು ಕೇಳಿದೆ. "ಹುಷಾರು" ಅಂತ ಹತ್ತು ಸಲ ಹೇಳಿ ಕೊಟ್ಟರು.

---

ಕಬ್ಬಿನಗದ್ದೆ ಮಿಸ್

ಪಾಠ ಮುಗೀತು. ಹೇಳದೆ ಇದ್ದರೆ ಸರಿಯಲ್ಲ ಅಂತ ಬಂದೆ.

ಜಗುಲಿಯಲ್ಲೇ ಮಾಡಿದೆ. ಏಳು ಗುಂಪು, ಏಳು ಕರಟ, ಏಳು ಸಿಂಬಿ. ಎರಡು ಕರಟ ಬಿದ್ದವು. ಎರಡೆರಡು ಚಮಚ, ಅಕ್ಕ ಹೇಳಿದ ಹಾಗೆ. ಚೀಲದ ಮೇಲೇ ನಿಂತಿತು, ನೆಲಕ್ಕೆ ಇಳಿಯಲಿಲ್ಲ. ಮೂರು ಬ್ರಷ್ ಬ್ಯಾಗಿನಿಂದ ಹೊರಗೇ ಬರಲಿಲ್ಲ.

ರದ್ದಿ ಹಾಳೆಯಲ್ಲಿ ನಾಲ್ಕು ಗೆರೆ ತೋರಿಸಿ, ಮಡಿಸಿ ಬ್ಯಾಗಿಗೆ ಹಾಕಿದೆ. ಚೂಡಿದಾರಕ್ಕೆ ಜೇಬಿಲ್ಲ ಮೇಷ್ಟ್ರೇ. ಆಮೇಲೆ ನಿನ್ನೆ ಸಂಜೆ ದಾರಿಯಲ್ಲಿ ಏನು ಕಂಡಿತು ಅಂತ ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಹಿಂದೆ ಮೇಡಂ ಕೂತಿದ್ದಾರಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಒಬ್ಬಳು "ಮಿಸ್, ಕಬ್ಬಿನ ಗಾಡಿ ಕಬ್ಬು ಉದುರಿಸ್ಕೊಂಡು ಹೋಯ್ತು" ಅಂದಳು. ಇನ್ನೊಬ್ಬ "ನಾವು ಎತ್ಕೊಂಡು ತಿಂದ್ವಿ" ಅಂದ. ಅಲ್ಲಿಂದ ನಿಲ್ಲಿಸುವುದೇ ಕಷ್ಟ ಆಯಿತು. ನಾಲೆಗೆ ನೀರು ಬಿಟ್ಟದ್ದು, ಆಲೆಮನೆ ಹೊಗೆ, ಯಾರದೋ ಎಮ್ಮೆ ರೋಡಿಗೆ ಅಡ್ಡ ಮಲಗಿದ್ದು, ಕಬ್ಬಿನ ಸೂಲಂಗಿ ಕಿತ್ತು ಆಡಿದ್ದು.

ಸೋಪಿನ ನೀರಲ್ಲಿ ಮೊದಲ ಕೆಂಪು ಗೆರೆ ಬಂದಾಗ ನಿಜಕ್ಕೂ ಕಿರುಚಿದರು. ಆ ಹಿರಿಯ ಶಿಕ್ಷಕರು ಮತ್ತೆ ಬಾಗಿಲಿಗೆ ಬಂದರು. ಈ ಸಲ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತು, ಒಂದು ಕಡ್ಡಿ ತಗೊಂಡು, ಒಂದು ಮಗುವಿನ ಹಾಳೆಯ ಮೂಲೆಯಲ್ಲಿ ಒಂದು ಗೆರೆ ಎಳೆದು ನೋಡಿ ಹೋದರು. ಆ ಮಗು "ಮಿಸ್, ಸರ್ ನನ್ನ ಚಿತ್ರ ಕೆಡಿಸಿದ್ರು" ಅಂತ ಅಳು. ಆಗ ನಿಂಬೆರಸದ ಬಟ್ಟಲು ಕೊಟ್ಟೆ. ಗೆರೆ ಹೋಯಿತು. ನಿಂಬೆಯ ಗುಟ್ಟು ಹೊರಬಿದ್ದದ್ದು ಹಾಗೆ. ಆಮೇಲೆ ಎಲ್ಲರಿಗೂ ನಿಂಬೆ ಬೇಕಾಯಿತು, ಬರೆಯುವುದಕ್ಕಿಂತ ಅಳಿಸುವುದು ಜಾಸ್ತಿ ಆಯಿತು. ಎರಡು ಚಿತ್ರ ಪೂರ್ತಿ ಹಳದಿ ಹಾಳೆಯಾಗಿ ವಾಪಸ್ ಬಂದವು. ಅವಕ್ಕೂ ಹೆಸರು ಬರೆಸಿ ಇಟ್ಟುಕೊಂಡಿದ್ದೇನೆ.

ಬೆಟ್ಟ ಕೇಳಿದ ಆ ಹುಡುಗ ಎಮ್ಮೆ ಬರೆದ. ಹಾಳೆ ತುಂಬಾ ಎಮ್ಮೆ, ಒಂದು ಕೊಂಬು ಅಂಚಿನಿಂದ ಆಚೆ. ರೋಡು ಎಲ್ಲಿ ಅಂತ ಕೇಳಿದೆ. "ಎಮ್ಮೆ ಕೆಳಗಡೆ ಅದೆ ಮಿಸ್, ಕಾಣಕ್ಕಿಲ್ಲ" ಅಂದ.

ನಮ್ಮ ಮೇಡಂ ಸಮಯ ಪಾಲನೆಗೆ ಮಾರ್ಕು ಕಡಿದರು. 40 ನಿಮಿಷ 52 ಆಗಿತ್ತು. ತೊಳೆಯಲು ಹತ್ತು ನಿಮಿಷ ಇಟ್ಟಿದ್ದೆ, ಆದರೆ ಬೋರ್‌ವೆಲ್ ಕರೆಂಟ್ ಹೋಗಿ ನಲ್ಲಿಯಲ್ಲಿ ನೀರೇ ಇಲ್ಲ. ತೊಟ್ಟಿಯಿಂದ ಬಕೆಟ್‌ನಲ್ಲಿ ಹೊತ್ತೆವು. ಹೋಗುವಾಗ ಮೇಡಂ ಎಮ್ಮೆ ಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಅರಿಶಿನದ ಅಳತೆ ಎಷ್ಟು ಅಂತಲೂ ಕೇಳಿದರು. ಒಂದು ಲೋಟ ನೀರಿಗೆ ಎರಡು ಚಮಚ ಹಾಕಿದ್ದೆ. ಬೇಕಾದವರು ಬರೆದುಕೊಳ್ಳಿ.

ಚಂದ್ರಿಕೆ ಇನ್ನೂ ಶಾಲೆಯಲ್ಲೇ ಇದೆ. ಮಕ್ಕಳು ಬಿಡುತ್ತಿಲ್ಲ, ದಿನಾ ಹೋಗಿ ತಂತಮ್ಮ ಹಾಳೆ ಮಾಸಿತಾ ಅಂತ ನೋಡುತ್ತಾರೆ. ಮಾವ ಎರಡು ಸಲ ಫೋನ್ ಮಾಡಿದರು. ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಇನ್ನು ನಾಲ್ಕೇ ದಿನವಂತೆ, ಅಷ್ಟರಲ್ಲಿ ವಾಪಸ್ ಬೇಕಂತೆ.